ಗುಪ್ತ ಜಾಗದ ನವೆ ಮತ್ತು ಅಂಗಡಿಯ ಟ್ಯೂಬು

(ಶ್ರೀಮಠದ ಧರ್ಮಾರ್ಥ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ರೋಗಿಗಳು ಮತ್ತು ಅವರ ಜೊತೆ ಬಂದವರಿಗಾಗಿ ಚರ್ಮರೋಗ ವೈದ್ಯರು ನೀಡಿದ ಉಪನ್ಯಾಸದ ಬರಹ ರೂಪ)



ಮಾತಿನ ವಿಷಯ ಕೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿದ್ದನ್ನೂ, ಕೆಲವು ತಾಯಂದಿರು ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡಿದ್ದನ್ನೂ ನೋಡಿದೆ. ತಪ್ಪೇನಿಲ್ಲ. ಕೈಗೋ ಬೆನ್ನಿಗೋ ನವೆ ಬಂದರೆ ಎಲ್ಲರ ಮುಂದೆಯೇ ಕೆರೆದುಕೊಳ್ಳುತ್ತೇವೆ, ಪಕ್ಕದವರಿಗೆ ತೋರಿಸಿ ಇದೇನು ನೋಡಿ ಎನ್ನುತ್ತೇವೆ. ಅದೇ ನವೆ ತೊಡೆಸಂದಿಗೆ, ಜನನಾಂಗಕ್ಕೆ ಅಥವಾ ಮಲದ್ವಾರದ ಸುತ್ತ ಬಂದರೆ ಬಾಯಿ ಕಟ್ಟಿಹೋಗುತ್ತದೆ. ಗಂಡ ಹೆಂಡತಿಗೆ ಹೇಳುವುದಿಲ್ಲ, ಮಗಳು ತಾಯಿಗೆ ಹೇಳುವುದಿಲ್ಲ. ಸಹಿಸಲಾರದಷ್ಟು ಆದಾಗ ಮೆಡಿಕಲ್ ಸ್ಟೋರಿಗೆ ಹೋಗಿ, ಬೇರೆ ಗಿರಾಕಿಗಳು ಹೋಗುವ ತನಕ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಮೆಲ್ಲಗೆ "ನವೆಗೆ ಒಂದು ಟ್ಯೂಬು ಕೊಡಿ" ಎನ್ನುತ್ತೇವೆ. ನವೆ ಎಲ್ಲಿ ಎಂದು ನಾವು ಹೇಳುವುದಿಲ್ಲ, ಎಲ್ಲಿ ಎಂದು ಅವರು ಕೇಳುವುದಿಲ್ಲ. ನಮ್ಮ ವಿಭಾಗಕ್ಕೆ ಬರುವ ಎಷ್ಟೋ ಕಷ್ಟಗಳು ಆರಂಭವಾಗುವುದು ಹೀಗೆ, ಇಬ್ಬರೂ ಬಾಯಿ ಬಿಡದ ಆ ಒಂದು ನಿಮಿಷದಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ದೊಡ್ಡಬಳ್ಳಾಪುರದ ಕಡೆಯಿಂದ ಒಬ್ಬ ನೇಕಾರರು ಬಂದಿದ್ದರು. ಪವರ್‌ಲೂಮ್ ಮಗ್ಗದ ಮನೆಯೊಳಗಿನ ಸೆಕೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಬೇಸಿಗೆಯಲ್ಲಿ ತೊಡೆಸಂದಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಹುಳುಕಡ್ಡಿ ಬಂತು. ಟ್ಯೂಬು ತಂದು ಹಚ್ಚಿದರು. ಎರಡೇ ದಿನದಲ್ಲಿ ನವೆ ಮಾಯವಾಯಿತು, ಕೆಂಪು ಇಳಿಯಿತು. ಸಂತೋಷದಿಂದ ನಿಲ್ಲಿಸಿದರು. ಹತ್ತು ದಿನಕ್ಕೆ ಮತ್ತೆ ಬಂತು, ಈ ಸಲ ಅಂಗೈ ಅಗಲ. ಮತ್ತೊಂದು ಟ್ಯೂಬು. ಹೀಗೆ ಎರಡು ವರ್ಷ. ಅಷ್ಟರಲ್ಲಿ ಹೆಂಡತಿಗೂ ಬಂತು, ನಾಲ್ಕು ವರ್ಷದ ಮಗುವಿಗೂ ಬಂತು. ಒಂದೇ ಟ್ಯೂಬನ್ನು ಮೂವರೂ ಹಚ್ಚಿಕೊಂಡರು. ಇಲ್ಲಿಗೆ ಬಂದಾಗ ಅವರಿಗೆ ಸೊಂಟದಿಂದ ಮೊಣಕಾಲಿನ ಹತ್ತಿರದವರೆಗೆ ಹರಡಿತ್ತು. ತೊಡೆಸಂದಿನ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ, ಬಸಿರಿಯ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಎದ್ದಿದ್ದವು. ಹಚ್ಚಿದ ಔಷಧಿ ಯಾವುದು ಎಂದರೆ ಹೆಸರು ಗೊತ್ತಿಲ್ಲ ಎಂದರು. ಮುಂದಿನ ವಾರ ಖಾಲಿ ಟ್ಯೂಬುಗಳನ್ನು ಕವರಿನಲ್ಲಿ ಹಾಕಿಕೊಂಡು ಬಂದರು. ಹನ್ನೊಂದು ಇದ್ದವು. ಕಂಪನಿಗಳು ಬೇರೆ, ಬಣ್ಣ ಬೇರೆ. ಒಳಗಿನ ಸರಕು ಹೆಚ್ಚುಕಡಿಮೆ ಒಂದೇ.

ಕಾಯಿಲೆ ವಾಸಿಯಾಯಿತು, ತಿಂಗಳುಗಳು ಹಿಡಿದವು. ಆ ಗೆರೆಗಳು ಮಾತ್ರ ಉಳಿದಿವೆ. ಬಣ್ಣ ಮಾಸುತ್ತವೆ, ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಆ ಟ್ಯೂಬಿನೊಳಗೆ ಏನಿತ್ತು?

ಹುಳುಕಡ್ಡಿಯಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಮಳೆಗಾಲದಲ್ಲಿ ರೊಟ್ಟಿಯ ಮೇಲೆ, ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಬರುತ್ತದಲ್ಲ, ಅದರ ಜಾತಿಯದು. ಡಾಕ್ಟರುಗಳು ಫಂಗಸ್ ಎನ್ನುತ್ತಾರೆ. ಬೆವರು ಆರದ ಜಾಗದಲ್ಲಿ ಬೆಳೆಯುತ್ತದೆ. ಅದನ್ನು ಸಾಯಿಸುವ ಔಷಧಿಗಳಿವೆ: ಕ್ಲೋಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್, ಲುಲಿಕೊನಜೋಲ್, ಟರ್ಬಿನಾಫಿನ್. ಇವು ನಿಧಾನವಾಗಿ ಕೆಲಸ ಮಾಡುತ್ತವೆ, ನವೆ ಪೂರ್ತಿ ನಿಲ್ಲಲು ಕೆಲವು ದಿನ ಬೇಕು. ಇನ್ನೊಂದು ಬಗೆಯ ಔಷಧಿ ಸ್ಟೀರಾಯ್ಡ್: ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್. ಇವು ಫಂಗಸ್ಸನ್ನು ಮುಟ್ಟುವುದೂ ಇಲ್ಲ. ನಮ್ಮ ಮೈ ಅದರ ವಿರುದ್ಧ ಮಾಡುತ್ತಿರುವ ಹೋರಾಟವನ್ನು ತಣ್ಣಗೆ ಮಾಡುತ್ತವೆ. ರಾತ್ರಿ ಹಿತ್ತಲಿಗೆ ಕಳ್ಳ ಬಂದ, ನಾಯಿ ಬೊಗಳುತ್ತಿದೆ. ನವೆ, ಕೆಂಪು, ಉರಿ ಎಲ್ಲವೂ ಆ ಬೊಗಳು. ಸ್ಟೀರಾಯ್ಡ್ ಎಂದರೆ ನಾಯಿಗೆ ನಿದ್ದೆಯ ಮದ್ದು ಹಾಕಿದಂತೆ. ಮನೆಯವರಿಗೆ ಚೆನ್ನಾಗಿ ನಿದ್ದೆ ಬರುತ್ತದೆ, ಕಳ್ಳನಿಗೂ ಅನುಕೂಲ.

ಅಂಗಡಿಯಲ್ಲಿ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಈ ಎರಡನ್ನೂ ಬೆರೆಸಿ, ಜೊತೆಗೆ ನಿಯೋಮೈಸಿನ್, ಜೆಂಟಾಮೈಸಿನ್‌ನಂಥ ಒಂದು ಆಂಟಿಬಯೋಟಿಕ್ ಸೇರಿಸಿರುತ್ತಾರೆ. ಎಲ್ಲಕ್ಕೂ ಒಂದೇ ಬಾಣ ಎಂಬ ಲೆಕ್ಕ. ಎರಡು ದಿನದಲ್ಲಿ ನವೆ ನಿಲ್ಲುವುದರಿಂದ ಗಿರಾಕಿಗೆ ಖುಷಿ, ಮತ್ತೆ ಬರುವುದರಿಂದ ವ್ಯಾಪಾರಕ್ಕೂ ಖುಷಿ. ಕೆಲವರು ಊರಿನಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡೆ, ನವೆ ಥಟ್ಟನೆ ನಿಂತಿತು ಎನ್ನುತ್ತಾರೆ. ಅದೂ ಬಹಳ ಸಲ ಇದೇ ಔಷಧಿ, ದಾರಿ ಬೇರೆ ಅಷ್ಟೆ.

ಇದು ನಮ್ಮ ಒಂದು ಊರಿನ ಕಥೆಯಲ್ಲ. ಚರ್ಮರೋಗ ತಜ್ಞರ ರಾಷ್ಟ್ರೀಯ ಸಂಘ ಈ ದುರ್ಬಳಕೆಯ ವಿರುದ್ಧ ವರ್ಷಗಟ್ಟಲೆ ಕೂಗಿಕೊಂಡ ಮೇಲೆ ಕೇಂದ್ರ ಸರ್ಕಾರ 2018ರ ಮಾರ್ಚಿನಲ್ಲಿ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ 328 ಬಗೆಯ ಬೆರಕೆ ಔಷಧಿಗಳನ್ನು ನಿಷೇಧಿಸಿದಾಗ ಅದರಲ್ಲಿ ಇಂಥ ಕೆಲವು ಮುಲಾಮುಗಳೂ ಇದ್ದವು. ಕಾನೂನು ಬಂತು, ಆದರೆ ಅಂಗಡಿಗೆ ಹೋಗಿ ಹೆಸರು ಹೇಳಿದರೆ ಚೀಟಿ ಕೇಳುವವರು ಎಷ್ಟು ಜನ ಎಂಬುದು ನಿಮಗೇ ಗೊತ್ತು.

ಈ ನಡುವೆ ಬೂಷ್ಟೂ ಸುಮ್ಮನೆ ಕೂತಿಲ್ಲ. ಭಾರತ ಮತ್ತು ನೇಪಾಳದ ರೋಗಿಗಳಲ್ಲಿ ಸಿಕ್ಕ ಒಂದು ಮೊಂಡು ಜಾತಿಯ ಫಂಗಸ್ಸಿಗೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶವಿದೆ, ಹೆಮ್ಮೆ ಪಡುವ ವಿಷಯವಲ್ಲ. ಹಿಂದೆ ಎರಡು ವಾರದಲ್ಲಿ ಕೇಳುತ್ತಿದ್ದ ಟರ್ಬಿನಾಫಿನ್‌ಗೆ ಇದು ಬಹಳ ಸಲ ಜಗ್ಗುವುದಿಲ್ಲ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲೂ ಇಬ್ಬರಲ್ಲಿ ಕಂಡುಬಂದ ವರದಿಯಾಯಿತು. ಹಳೆಯ ಕಾಲದಲ್ಲಿ ಹುಳುಕಡ್ಡಿಗೆ ಯಾರೂ ಇಷ್ಟು ಹೆದರುತ್ತಿರಲಿಲ್ಲವಲ್ಲ ಎಂದು ಹಿರಿಯರು ಕೇಳುತ್ತಾರೆ. ಅವರ ಮಾತು ನಿಜ. ಅಂದಿನ ಹುಳುಕಡ್ಡಿಯೇ ಬೇರೆ.

ಗುಪ್ತ ಜಾಗಕ್ಕೆ ಇದು ಇನ್ನೂ ಹೆಚ್ಚು ಅಪಾಯ ಏಕೆ ಎಂಬುದನ್ನೂ ಹೇಳಬೇಕು. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಇಬ್ಬರು ವೈದ್ಯರು ಮೈಯ ಬೇರೆ ಬೇರೆ ಜಾಗಕ್ಕೆ ಒಂದೇ ಸ್ಟೀರಾಯ್ಡನ್ನು ಹಚ್ಚಿ, ಎಷ್ಟು ಒಳಗೆ ಹೋಗುತ್ತದೆ ಎಂದು ಅಳೆದರು. ಮುಂಗೈಯಲ್ಲಿ ಒಂದು ಪಾಲು ಹೋದರೆ ವೃಷಣದ ಚರ್ಮದಲ್ಲಿ 42 ಪಾಲು ಹೋಯಿತು. ಕೈಗೆ ಹಚ್ಚಿ ಏನೂ ಆಗದ ಟ್ಯೂಬು ಅಲ್ಲಿಗೆ ಏನು ಮಾಡೀತು, ನೀವೇ ಊಹಿಸಿ. ಮೇಲಾಗಿ ತೊಡೆಸಂದಿನಲ್ಲಿ ಚರ್ಮಕ್ಕೆ ಚರ್ಮ ಅಂಟಿಕೊಂಡಿರುತ್ತದೆ, ಪಾತ್ರೆಗೆ ಮುಚ್ಚಳ ಹಾಕಿದಂತೆ. ಡೈಪರ್ ಹಾಕುವ ಮಗುವಿನದೂ ಇದೇ ಲೆಕ್ಕ. ಅಜ್ಜನ ಟ್ಯೂಬನ್ನು ಮೊಮ್ಮಗುವಿನ ತೊಡೆಗೆ ದಯವಿಟ್ಟು ಹಚ್ಚಬೇಡಿ.

ಟ್ಯೂಬನ್ನು ಓದುವುದು, ಹಚ್ಚುವುದು

ಇಂಗ್ಲಿಷ್ ಬಾರದು ಎಂದು ಹಿಂಜರಿಯಬೇಡಿ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದಾರೆ, ಇಲ್ಲವೇ ಅಂಗಡಿಯವರನ್ನೇ ಓದಿಸಿ. ಡಬ್ಬಿಯ ಮೇಲೆ ದೊಡ್ಡದಾಗಿ ಇರುವುದು ಕಂಪನಿಯ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿಯ ಹೆಸರಿರುತ್ತದೆ. ಅಲ್ಲಿ ಒಂದೇ ಹೆಸರಿದೆಯೇ, ಮೂರು ನಾಲ್ಕಿವೆಯೇ ನೋಡಿ. ಕೊನೆಯಲ್ಲಿ "ಸೋನ್" ಎಂದು ಬರುವ ಹೆಸರು, ಇಲ್ಲವೇ ಕ್ಲೋಬೆಟಸಾಲ್, ಹ್ಯಾಲೊಬೆಟಸಾಲ್ ಎಂಬ ಹೆಸರು ಕಂಡರೆ ಟ್ಯೂಬನ್ನು ಅಲ್ಲೇ ವಾಪಸು ಕೊಡಿ. ಡಬ್ಬಿಯ ಮೇಲೆ ಆರ್‌ಎಕ್ಸ್ ಗುರುತಿದ್ದರೆ ಅದು ಚೀಟಿ ಇಲ್ಲದೆ ಕೊಳ್ಳುವ ಔಷಧಿಯಲ್ಲ. ಅಂಗಡಿಯಲ್ಲಿ ಒಂದೇ ವಾಕ್ಯ ಹೇಳಿದರೆ ಸಾಕು: "ತೊಡೆಸಂದಿಗೆ, ಸ್ಟೀರಾಯ್ಡ್ ಇಲ್ಲದ್ದು ಕೊಡಿ." ಅಷ್ಟು ಹೇಳುವ ಧೈರ್ಯ ಬಂದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. ಎಲ್ಲರ ಮುಂದೆ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಒಬ್ಬ ಕಾಲೇಜು ಹುಡುಗಿ ಹಾಗೆ ಮಾಡಿದಳು, ನನಗೂ ಆ ಉಪಾಯ ಹೊಳೆದಿರಲಿಲ್ಲ.

ನಿಮಗೆ ಬಂದಿರುವುದು ಅಂಚು ಕೆಂಪಾಗಿ ಉಂಗುರದಂತೆ ಹರಡುವ ಹುಳುಕಡ್ಡಿಯೇ, ಜಾಗ ಸಣ್ಣದೇ, ಮೊದಲನೇ ಸಲವೇ, ಬೇರೆ ಕಾಯಿಲೆ ಇಲ್ಲವೇ? ಹಾಗಿದ್ದರೆ ಕ್ಲೋಟ್ರಿಮಜೋಲ್ ಶೇಕಡಾ 1ರ ಮುಲಾಮು, ಅದೊಂದೇ ಔಷಧಿ ಇರುವಂಥದ್ದು, ತಂದು ಹಚ್ಚಿ ನೋಡಬಹುದು. ಸ್ನಾನ ಮಾಡಿ, ಜಾಗವನ್ನು ಒರೆಸಿ, ಎರಡು ನಿಮಿಷ ಗಾಳಿಗೆ ಆರಲು ಬಿಟ್ಟು ಹಚ್ಚಬೇಕು. ಒದ್ದೆಯ ಮೇಲೆ ಹಚ್ಚಿದರೆ ಬೆವರಿನ ಜೊತೆ ಅದೂ ಜಾರಿಹೋಗುತ್ತದೆ. ಕೆಂಪಿರುವ ಜಾಗಕ್ಕೆ ಮಾತ್ರವಲ್ಲ, ಅದರ ಸುತ್ತ ಎರಡು ಸೆಂಟಿಮೀಟರ್ ಹೆಚ್ಚಿಗೆ ಹಚ್ಚಿ. ಬೂಷ್ಟು ಕಣ್ಣಿಗೆ ಕಾಣುವುದಕ್ಕಿಂತ ಮುಂದಕ್ಕೆ ಹೋಗಿರುತ್ತದೆ. ಹೊರಗಿನಿಂದ ಒಳಕ್ಕೆ ಸವರಿದರೆ ಹರಡುವುದು ಕಡಿಮೆ.

ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಒಂದು ಎಳೆ ಹಿಂಡಿದರೆ ಅರ್ಧ ಗ್ರಾಮ್ ಆಗುತ್ತದೆ. ಅದು ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಬೆಳಿಗ್ಗೆ ಒಂದು ಎಳೆ, ರಾತ್ರಿ ಒಂದು ಎಳೆ ಎಂದರೆ 15 ಗ್ರಾಮಿನ ಟ್ಯೂಬು ಹದಿನೈದು ದಿನ ಬರುತ್ತದೆ. ಎರಡು ತಿಂಗಳಿಂದ ಒಂದೇ ಟ್ಯೂಬು ಹಚ್ಚುತ್ತಿದ್ದೇನೆ ಎನ್ನುವವರು ಔಷಧಿಯನ್ನು ವಿಭೂತಿಯಂತೆ ಸವರುತ್ತಿದ್ದಾರೆ ಎಂದೇ ಅರ್ಥ. ಮೂರು ದಿನಕ್ಕೆ ಖಾಲಿ ಮಾಡುವವರು ಬೆಣ್ಣೆ ಹಚ್ಚಿದಂತೆ ಹಚ್ಚುತ್ತಿದ್ದಾರೆ, ಅದರಿಂದಲೂ ಲಾಭವಿಲ್ಲ.

ನವೆ ನಿಂತ ದಿನ ನಿಲ್ಲಿಸಬೇಡಿ. ಜಾಗ ಪೂರ್ತಿ ತಿಳಿಯಾಗಿ ಕಂಡ ಮೇಲೂ ಎರಡು ವಾರ ಹಚ್ಚಬೇಕು. ಒಟ್ಟು ನಾಲ್ಕು ವಾರ ಆಗಬಹುದು, ಈಗಿನ ಮೊಂಡು ಫಂಗಸ್ಸಿಗೆ ಆರು ವಾರವೂ ಬೇಕಾಗುತ್ತದೆ. ಹಚ್ಚಲು ಶುರುಮಾಡಿ ಎರಡು ವಾರವಾದರೂ ಏನೂ ಇಳಿಯದಿದ್ದರೆ, ಅಥವಾ ಹಚ್ಚಿದ ಮೇಲೆ ಉರಿ ಹೆಚ್ಚಾದರೆ ಇನ್ನೊಂದು ಟ್ಯೂಬು ಕೊಳ್ಳಬೇಡಿ. ಇಲ್ಲಿಗೆ ಬನ್ನಿ.

ಈಗಾಗಲೇ ತಿಂಗಳುಗಟ್ಟಲೆ ಬೆರಕೆ ಟ್ಯೂಬು ಹಚ್ಚುತ್ತಿರುವವರು ಈ ಸಭೆಯಲ್ಲೂ ಇದ್ದೀರಿ, ನನಗೆ ಗೊತ್ತು. ನೀವು ಅದನ್ನು ಬಿಟ್ಟ ಮೊದಲ ಒಂದೆರಡು ವಾರ ನವೆ, ಕೆಂಪು ಇನ್ನೂ ಜೋರಾಗಿ ಬರಬಹುದು. ಮದ್ದಿನ ನಿದ್ದೆಯಿಂದ ನಾಯಿ ಎದ್ದಿದೆ ಎಂದು ತಿಳಿಯಿರಿ. ಆ ದಿನಗಳಲ್ಲಿ ಸೋತು ಮತ್ತೆ ಅದೇ ಟ್ಯೂಬಿಗೆ ಕೈ ಹಾಕುವುದೇ ಹೆಚ್ಚು. ಅದಕ್ಕೇ ಬಿಡುವ ಮೊದಲೇ ನಮ್ಮಲ್ಲಿಗೆ ಬನ್ನಿ, ನವೆಗೆ ಬೇರೆ ಮಾತ್ರೆ ಕೊಡುತ್ತೇವೆ.

ಎಲ್ಲ ನವೆಯೂ ಫಂಗಸ್ ಅಲ್ಲ

ತಾಯಂದಿರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಯೋನಿಯಲ್ಲಿ ನವೆ, ಜೊತೆಗೆ ಒಡೆದ ಮೊಸರಿನಂಥ ಬಿಳಿ ಸೆರಗು, ವಾಸನೆ ಇಲ್ಲ ಎಂದರೆ ಅದು ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಇನ್ನೊಂದು ಫಂಗಸ್. ಅದಕ್ಕೆ ಹೊರಗೆ ಹಚ್ಚಿದರೆ ಸಾಲದು. ಕ್ಲೋಟ್ರಿಮಜೋಲ್ ಮಾತ್ರೆಯನ್ನು ರಾತ್ರಿ ಮಲಗುವಾಗ ಯೋನಿಯೊಳಗೆ ಇಡಬೇಕಾಗುತ್ತದೆ. ಅದನ್ನು ನುಂಗುವ ಮಾತ್ರೆ ಎಂದು ತಿಳಿದು ನೀರಿನ ಜೊತೆ ನುಂಗಿ ಬಂದವರಿದ್ದಾರೆ, ಕೊಟ್ಟವರು ಹೇಳಲಿಲ್ಲ, ಇವರು ಕೇಳಲಿಲ್ಲ. ಆ ಔಷಧಿ ಬಳಸುವ ದಿನಗಳಲ್ಲಿ ನಿರೋಧ್ ಸಡಿಲವಾಗಿ ಹರಿಯಬಹುದು ಎಂಬುದೂ ತಿಳಿದಿರಲಿ. ಮೀನಿನಂಥ ವಾಸನೆ, ಹಸಿರು ಅಥವಾ ಹಳದಿ ಬಣ್ಣ, ಕಿಬ್ಬೊಟ್ಟೆ ನೋವು, ಜ್ವರ, ಮುಟ್ಟಿಲ್ಲದಾಗ ರಕ್ತ, ಹುಣ್ಣು, ನೀರುಗುಳ್ಳೆ ಇವುಗಳಲ್ಲಿ ಒಂದಿದ್ದರೂ ಅದು ಮುಲಾಮಿನ ಕೆಲಸವಲ್ಲ. ಕೆಲವಕ್ಕೆ ಗಂಡನಿಗೂ ಚಿಕಿತ್ಸೆ ಆಗಬೇಕು. ಇಲ್ಲಿಗೆ ಬರಲು ಸಂಕೋಚವಾದರೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕಿನಲ್ಲಿ ಉಚಿತವಾಗಿ ನೋಡುತ್ತಾರೆ. ಬಸಿರಿಯರಂತೂ ಅಂಗಡಿಯ ಔಷಧಿಗೆ ಹೋಗಲೇಬಾರದು.

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಉರಿಯನ್ನೂ ನವೆಯನ್ನೂ ಒಂದೇ ಎಂದು ಹೇಳುತ್ತಾರೆ. ಶಿಫ್ಟಿನಲ್ಲಿ ಎದ್ದು ಹೋಗಲು ಆಗದೆಂದು ನೀರು ಕುಡಿಯದೆ, ಮೂತ್ರ ತಡೆದುಕೊಂಡಿದ್ದರೆ ಬರುವ ಉರಿ ಮೂತ್ರದ ಸೋಂಕು. ಅದಕ್ಕೆ ಯಾವ ಟ್ಯೂಬೂ ನಾಟುವುದಿಲ್ಲ.

ಸಕ್ಕರೆ ಕಾಯಿಲೆಯ ಮಾತು. ಪದೇ ಪದೇ ಈ ನವೆ ಬರುವವರಿಗೆ ನಾವು ಮೊದಲು ಬರೆದುಕೊಡುವುದು ಮುಲಾಮಲ್ಲ, ರಕ್ತದ ಸಕ್ಕರೆಯ ಪರೀಕ್ಷೆ. ಗಂಡಸರಲ್ಲಿ ಶಿಶ್ನದ ಮುಂದೊಗಲು ಬಿರುಕುಬಿಟ್ಟು, ಹಿಂದಕ್ಕೆ ಸರಿಯದಂತಾಗಿ, ಆಗ ಬಂದು ಪರೀಕ್ಷೆ ಮಾಡಿಸಿದಾಗಲೇ ಸಕ್ಕರೆ ಕಾಯಿಲೆ ಇದೆ ಎಂದು ಮೊದಲ ಸಲ ಗೊತ್ತಾಗುವುದುಂಟು. ಇನ್ನೊಂದು ಹೊಸ ಸಂಗತಿ: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳಿವೆ. ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯವು. 2020ರ ಅಕ್ಟೋಬರಿನಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಬಹಳ ಜನ ತೆಗೆದುಕೊಳ್ಳುತ್ತಿದ್ದಾರೆ. ಆದರೆ ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ಕ್ಯಾಂಡಿಡಾ ಬೆಳೆಯಲು ಅನುಕೂಲ. ಈ ಮಾತ್ರೆ ಶುರುವಾದ ಮೇಲೆ ನವೆ ಬಂದಿದ್ದರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಸುಮ್ಮನೆ ಟ್ಯೂಬು ಹಚ್ಚುತ್ತಲೂ ಕೂರಬೇಡಿ. ಬರೆದುಕೊಟ್ಟ ಡಾಕ್ಟರಿಗೆ ತಿಳಿಸಿ. ಪ್ರತಿ ಸಲ ಮೂತ್ರವಾದ ಮೇಲೆ ಬರೀ ನೀರಿನಲ್ಲಿ ತೊಳೆದು ಒರೆಸಿಕೊಳ್ಳುವುದರಿಂದ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ.

ರಾತ್ರಿ ಹೆಚ್ಚಾಗುವ ನವೆ, ಬೆರಳ ಸಂದಿಯಲ್ಲೂ ವೃಷಣದ ಮೇಲೂ ಸಣ್ಣ ಗುಳ್ಳೆ, ಮನೆಯಲ್ಲಿ ಇನ್ನಿಬ್ಬರಿಗೂ ಇದೇ ಎಂದರೆ ಅದು ಕಜ್ಜಿ. ಅದಕ್ಕೆ ಪರ್ಮೆಥ್ರಿನ್ ಶೇಕಡಾ 5ರ ಮುಲಾಮು. ಕುತ್ತಿಗೆಯಿಂದ ಪಾದದವರೆಗೆ, ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿ, ಬೆಳಿಗ್ಗೆ ಸ್ನಾನ, ಒಂದು ವಾರ ಬಿಟ್ಟು ಮತ್ತೊಂದು ಸಲ. ಬಸಿರಿಯರಿಗೂ ಹಸುಗೂಸಿಗೂ ಕೇಳದೆ ಹಚ್ಚಬೇಡಿ. ಮಕ್ಕಳು ರಾತ್ರಿ ಮಲದ್ವಾರ ಕೆರೆದುಕೊಂಡು ಅಳುತ್ತಿದ್ದರೆ ಅದು ಹೆಚ್ಚಾಗಿ ಜಂತುಹುಳು. ಅಂಗನವಾಡಿ, ಶಾಲೆಗಳಲ್ಲಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ.

ಮತ್ತೊಂದು ವಿಷಯ ಹೇಳಲು ನನಗೆ ಸ್ವಲ್ಪ ಕಷ್ಟವಾಗುತ್ತದೆ. ದೇವನಹಳ್ಳಿ ಕಡೆಯ ಒಬ್ಬ ಅಜ್ಜಿ, ಅರವತ್ತು ದಾಟಿದವರು, ಮೊಣಕಾಲು ನೋವೆಂದು ಬಂದಿದ್ದರು. ಜೊತೆಗಿದ್ದ ಸೊಸೆಯನ್ನು ಹೊರಗೆ ಕಳಿಸಿ, ನರ್ಸಮ್ಮನ ಕಿವಿಯಲ್ಲಿ ಕೆಳಗಿನ ನವೆಯ ಮಾತು ಹೇಳಿದರು. ಮೂರು ವರ್ಷದಿಂದ. ಕೊಬ್ಬರಿ ಎಣ್ಣೆ, ಗಾಯ ತೊಳೆಯುವ ದ್ರಾವಣ, ಮೊಮ್ಮಗನ ಹುಳುಕಡ್ಡಿ ಮುಲಾಮು, ಎಲ್ಲ ಆಗಿತ್ತು. ನೋಡಿದರೆ ಚರ್ಮ ಬೆಳ್ಳಗೆ, ತೆಳ್ಳಗೆ, ಕಾಗದ ಮುದುರಿದಂತೆ. ಅದಕ್ಕೆ ಲೈಕೆನ್ ಸ್ಕ್ಲೆರೋಸಸ್ ಎನ್ನುತ್ತಾರೆ, ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಅಂಟುರೋಗವಲ್ಲ, ಯಾರ ತಪ್ಪೂ ಅಲ್ಲ. ಆದರೆ ಬಿಟ್ಟರೆ ಜಾಗ ಅಂಟಿಕೊಂಡು ಕಿರಿದಾಗುತ್ತದೆ, ಕೆಲವೇ ಕೆಲವರಲ್ಲಿ ವರ್ಷಗಳು ಕಳೆದ ಮೇಲೆ ಕ್ಯಾನ್ಸರಿಗೂ ತಿರುಗಬಹುದು. ಈಗ ಕೇಳಿ: ಆ ಅಜ್ಜಿಗೆ ನಾವು ಬರೆದುಕೊಟ್ಟ ಔಷಧಿ ಕ್ಲೋಬೆಟಸಾಲ್. ಇಷ್ಟು ಹೊತ್ತು ಯಾವುದನ್ನು ಮುಟ್ಟಬೇಡಿ ಎಂದೆನೋ ಅದೇ. ನೇಕಾರರ ತೊಡೆಯನ್ನು ಹಾಳುಮಾಡಿದ ಔಷಧಿಯೇ ಅಜ್ಜಿಗೆ ರಾತ್ರಿ ನಿದ್ದೆ ಕೊಟ್ಟಿತು. ಔಷಧಿಯಲ್ಲಿ ಕೆಟ್ಟದ್ದಿಲ್ಲ, ಯಾವ ಕಾಯಿಲೆ ಎಂದು ನೋಡದೆ ಕೊಡುವುದು ಕೆಟ್ಟದ್ದು. ಮೊದಲ ದಿನ ನೋಡಿಸಿಕೊಂಡಿದ್ದರೆ ಆ ತಾಯಿ ಮೂರು ವರ್ಷ ರಾತ್ರಿಯೆಲ್ಲ ಎದ್ದು ಕೂರಬೇಕಾಗಿರಲಿಲ್ಲ.

ಬಟ್ಟೆ, ಉಡಿದಾರ, ಬಿಸಿಲು

ನಮ್ಮ ಮನೆಗಳಲ್ಲಿ ಒಳಉಡುಪನ್ನು ಯಾರಿಗೂ ಕಾಣದಂತೆ ಬಚ್ಚಲಿನಲ್ಲೋ, ಸೀರೆಯ ಅಡಿಯಲ್ಲೋ ಒಣಗಿಸುವ ಪದ್ಧತಿ ಇದೆ. ಮಾನದ ಪ್ರಶ್ನೆ ಸರಿ, ಆದರೆ ಬಿಸಿಲು ಕಾಣದ ಬಟ್ಟೆ ಬೂಷ್ಟಿಗೆ ತವರುಮನೆ. ಬಿಸಿಲಿಗೆ ಹಾಕಿ, ಒಳಮೈ ಹೊರಗೆ ಮಾಡಿ ಹಾಕಿ. ನಾಚಿಕೆಯಾದರೆ ಮೇಲೊಂದು ತೆಳುವಾದ ಟವೆಲ್ ಹೊದಿಸಿ. ಮಳೆಗಾಲದಲ್ಲಿ ಇಸ್ತ್ರಿ ಹಾಕಿ. ನವೆ ಇರುವವರ ಬಟ್ಟೆಯನ್ನು ಬಿಸಿನೀರಿನಲ್ಲಿ ಬೇರೆಯಾಗಿ ಒಗೆಯಿರಿ. ಮನೆಮಂದಿಗೆಲ್ಲ ಒಂದೇ ಟವೆಲ್ ಎಂಬುದನ್ನು ಇವತ್ತೇ ನಿಲ್ಲಿಸಿ.

ಉಡಿದಾರದ ವಿಷಯ ಹೇಳಿದರೆ ಕೆಲವರಿಗೆ ಬೇಸರವಾಗುತ್ತದೆ. ಸೊಂಟದ ಸುತ್ತ ಹುಳುಕಡ್ಡಿ ಬಂದವರಲ್ಲಿ ಉಡಿದಾರ ಬಿಚ್ಚಿ ನೋಡಿದರೆ ಅದರ ಕೆಳಗೇ ಗೆರೆ ಎಳೆದಂತೆ ಕಾಯಿಲೆ ಇರುತ್ತದೆ. ನೂಲು ದಿನವಿಡೀ ಬೆವರನ್ನು ಕುಡಿದು ಇಟ್ಟುಕೊಳ್ಳುತ್ತದೆ. ಚಿಕಿತ್ಸೆ ಮುಗಿಯುವ ತನಕ ತೆಗೆದಿಡಿ, ಆಮೇಲೆ ಹೊಸದು ಕಟ್ಟಿಕೊಳ್ಳಿ, ಅಥವಾ ಬೆಳ್ಳಿಯದಾದರೆ ತೊಳೆದು ಒರೆಸಿ ಹಾಕಿಕೊಳ್ಳಿ. ಶಿವದಾರ ಧರಿಸುವವರೂ ಸ್ನಾನವಾದ ಮೇಲೆ ಒದ್ದೆ ದಾರ ಎದೆಗೆ ಅಂಟಿಕೊಂಡಿರದಂತೆ ಒಣಗಿಸಿಕೊಂಡರೆ ಒಳ್ಳೆಯದು.

ಗಟ್ಟಿ ಜೀನ್ಸ್, ನೈಲಾನ್ ಲೆಗ್ಗಿಂಗ್ಸ್ ಬದಲು ಸಡಿಲವಾದ ಹತ್ತಿಯ ಬಟ್ಟೆ. ವಿಮಾನ ನಿಲ್ದಾಣದಲ್ಲೋ ಕಾರ್ಖಾನೆಯಲ್ಲೋ ಯೂನಿಫಾರಂ ಹಾಕಲೇಬೇಕಾದವರು ಮನೆಗೆ ಬಂದ ಕೂಡಲೇ ಬದಲಿಸಿ. ಸುಗಂಧದ ಸೋಪು, ಜಾಹೀರಾತಿನಲ್ಲಿ ಬರುವ ತೊಳೆಯುವ ದ್ರವ ಯಾವುದೂ ಆ ಜಾಗಕ್ಕೆ ಬೇಡ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಬೆಳ್ಳುಳ್ಳಿ ಅರೆದು, ಸುಣ್ಣ, ಸೀಮೆಎಣ್ಣೆ ಹಚ್ಚಿ ಸುಟ್ಟುಕೊಂಡು ಬರುವವರು ಇಂದಿಗೂ ಇದ್ದಾರೆ. ಹುಳುಕಡ್ಡಿ ಒಂದು ತಿಂಗಳಿನದು, ಆ ಸುಟ್ಟಗಾಯ ಎರಡು ತಿಂಗಳಿನದು.

ಮಾತು ಮುಗಿದ ಮೇಲೆ ಕೇಳಿದ ಕೆಲವು ಪ್ರಶ್ನೆಗಳು

"ಗಂಡನಿಗೆ ಇದೆ, ನನಗೆ ಇನ್ನೂ ಇಲ್ಲ. ನಾನೂ ಹಚ್ಚಲೇ?" ಬೇಡಮ್ಮ. ಆದರೆ ಮೈಯನ್ನು ನೋಡಿಕೊಳ್ಳುತ್ತಿರಿ, ಸಣ್ಣ ಉಂಗುರ ಕಂಡರೂ ಅವರ ಜೊತೆಯಲ್ಲೇ ಬನ್ನಿ. ಒಬ್ಬರಿಗೆ ವಾಸಿ ಮಾಡಿ ಇನ್ನೊಬ್ಬರನ್ನು ಬಿಟ್ಟರೆ ಅದು ಮನೆಯೊಳಗೇ ಸುತ್ತು ಹೊಡೆಯುತ್ತದೆ.

"ನವೆ ತಡೆಯಲು ಆಗದಿದ್ದರೆ ರಾತ್ರಿ ಏನು ಮಾಡಲಿ?" ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಬಟ್ಟೆಯನ್ನು ಹತ್ತು ನಿಮಿಷ ಇಟ್ಟು, ಆಮೇಲೆ ಚೆನ್ನಾಗಿ ಒಣಗಿಸಿ. ಬಿಸಿನೀರು ಸುರಿದರೆ ಆ ಕ್ಷಣಕ್ಕೆ ಹಿತ, ಆಮೇಲೆ ಎರಡರಷ್ಟು ನವೆ. ಉಗುರು ಕತ್ತರಿಸಿಕೊಳ್ಳಿ.

"ಗಂಡಸು ಡಾಕ್ಟರಿಗೆ ತೋರಿಸಲು ಆಗುವುದಿಲ್ಲ." ಹೇಳಿದರೆ ಸಾಕು, ಮಹಿಳಾ ವೈದ್ಯರು ನೋಡುತ್ತಾರೆ. ಅವರು ಇಲ್ಲದ ದಿನ ಪರದೆಯ ಒಳಗೆ ನರ್ಸಮ್ಮ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾರೆ. ಹೆಸರು ನೋಂದಾಯಿಸುವ ಜಾಗದಲ್ಲಿ ಕಾಯಿಲೆ ಏನೆಂದು ವಿವರಿಸಬೇಕಿಲ್ಲ, "ಚರ್ಮದ ವಿಭಾಗ" ಎಂದರೆ ಚೀಟಿ ಕೊಡುತ್ತಾರೆ.

"ಬರುವಾಗ ಏನು ತರಬೇಕು?" ಇದುವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾಗಿದ್ದರೂ ಸರಿ, ತನ್ನಿ. ಸಕ್ಕರೆ, ಬಿಪಿಗೆ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ತನ್ನಿ. ಬರುವ ಹಿಂದಿನ ಮೂರು ದಿನ ಯಾವ ಮುಲಾಮನ್ನೂ ಹಚ್ಚದೆ ಬಂದರೆ ಚರ್ಮದ ಪುಡಿ ಕೆರೆದು ತೆಗೆದು, ದುರ್ಬೀನಿನಲ್ಲಿ ನೋಡಿ, ಫಂಗಸ್ ಇದೆಯೋ ಇಲ್ಲವೋ ಅದೇ ದಿನ ಹೇಳಬಹುದು.